ವಾಲಿದರೆ ಗೊತ್ತಾಗುವುದು

ಪಿಂಪ್ರಿಯ ಶಗುನ್ ಚೌಕ, ವಾಸ್ವಾನಿ ಸೇಠನ ಅಂಗಡಿ.
ಎರಡನ್ನೂ ಗಾಜಿನ ಮೇಲೆ ಅಕ್ಕಪಕ್ಕ ಇಟ್ಟ ಮಯೂರೇಶ,
ಬೆನ್ನಿನ ಪ್ಲಾಸ್ಟಿಕ್ಕು ಸುಲಿಯದೆ.

ಒಂದು ಹನ್ನೊಂದು ಇಂಚು, ನೀಲಿ.
ಇನ್ನೊಂದು ಎಂಟೂವರೆ, ಬೂದಿ ಬಣ್ಣ, ಹೋದ ವರ್ಷದ ಮಾಲು.
ನೀಲಿಯದನ್ನೇ ಹೊಗಳಿದ ಹುಡುಗ, ಮರಾಠಿಯಲ್ಲಿ ಹತ್ತಿ
ನನ್ನ ಮುಖ ನೋಡಿ ಹಿಂದಿಗೆ ಇಳಿದು:
ಸೆಕೆಂಡಿಗೆ ನೂರಿಪ್ಪತ್ತು ಸಲ ಹೊಸದಾಗುತ್ತದಂತೆ ಪರದೆ,
ನಾಲ್ಕು ಸ್ಪೀಕರು, ಎಂಟು ಜಿಬಿ,
ಗುಂಡು ಬರುವ ದಿಕ್ಕು ಕಿವಿಗೇ ತಿಳಿಯುತ್ತದಂತೆ.

ಅಕ್ಕನ ಮಗ ಚೆನ್ನವೀರ ಅವನಿಗಿಂತ ಮುಂದೆ,
ಮೂರು ವಾರದಿಂದ ನಿದ್ದೆಯಲ್ಲೂ ಚಿಪ್ಪಿನ ನಂಬರು ಒದರುವವನು.
"ಮಾಮಾ, ನೀಲಿದೇ ತಗೋ. ಆ ಸಣ್ಣದು
ಹದಿನೈದು ಮಿನಿಟಿಗೆ ಹಂಚಿನಂಗ ಕಾಯ್ತದ,
ಅದರ ಮ್ಯಾಲ ರೊಟ್ಟಿ ಸುಡಬೇಕಷ್ಟ."

ನಕ್ಕೆ. ನೀಲಿಯದನ್ನು ಎತ್ತಿಕೊಂಡೆ.
ಬಲಗೈಗೆ ಚಿಂತೆಯಿಲ್ಲ.
ಎಡಗೈಯಲ್ಲಿ ಮೊದಲು ಹೆಬ್ಬೆರಳು,
ಆಮೇಲೆ ಒಂದು ಖಾಲಿ ಸೀಟು, ಇನ್ನೊಂದು ಖಾಲಿ ಸೀಟು,
ಆಮೇಲೆ ಉಂಗುರದ್ದು, ಕೊನೆಗೆ ಕಿರಿಯದು.
(ಆಟದಲ್ಲಿ ನನ್ನ ಹೆಸರು ಎಂಟ್‌ಬೆರಳ್ಯಾ. ಚೆನ್ನವೀರ ಇಟ್ಟದ್ದು.
ಅವರಮ್ಮ ಬೈದಳು. ನಾನು ಬದಲಾಯಿಸಲಿಲ್ಲ.)
ಅರ್ಧ ಕಿಲೋ ಗಾಜು ಆ ಇಬ್ಬರ ಮೇಲೆ ಬಿತ್ತು.
ಹೊತ್ತರು ಪಾಪ, ಮೊದಲಿನಿಂದಲೂ ತಮ್ಮದೇ ಪಾಳಿ ಎಂಬಂತೆ,
ಆದರೆ ನಡುಗಿದರು.
ಹೆಬ್ಬೆರಳು ಹಿಡಿಯುವುದರಲ್ಲೇ ಮುಗಿಯಿತು.
ಬಂದೂಕು ತಿರುಗಿಸಲು ಯಾರೂ ಬಿಡುವಿರಲಿಲ್ಲ.
ನನ್ನ ಸಿಪಾಯಿ ಕಣಜದ ಗೋಡೆ ನೋಡುತ್ತಾ ನಿಂತ,
ಬೆನ್ನಿಗೆ ಗುಂಡು ಬೀಳುವ ತನಕ.
ಬಿದ್ದದ್ದು ಮಾತ್ರ ಎಷ್ಟು ಸ್ವಚ್ಛ ಕಂಡಿತು.

ಮಯೂರೇಶ ನನ್ನ ಕೈ ನೋಡಿದ,
ನೋಡದವನ ಹಾಗೆ ಕೇಬಲ್ಲು ಸುತ್ತತೊಡಗಿದ.

"ಇದನ್ನ ವಾಲಿಸಿದ್ರ ಇದಕ್ಕ ಗೊತ್ತಾಗ್ತದೇನು?" ಎಂದೆ.
"ಅಂದ್ರ?"
"ಅಂದ್ರ, ನಾ ಹಿಂಗ ತಿರುಗಿದ್ರ ಬಂದೂಕೂ ತಿರುಗಬೇಕು.
ಬೆರಳು ಹಚ್ಚದಽ."

ಡಬ್ಬಿಯ ಬೆನ್ನು ಓದಿದ ಹುಡುಗ, ಫೋನಿನಲ್ಲಿ ಹುಡುಕಿದ,
ಸೇಠನನ್ನು ಕೇಳಿದ, ಸೇಠ ಸೂರತ್ತಿಗೋ ಎಲ್ಲಿಗೋ ಫೋನು ಮಾಡಿದ.
ನೀಲಿಯದಕ್ಕೆ ಆ ಸೆನ್ಸರ್ ಇಲ್ಲ.
ಈ ಬೆಲೆಗೆ ಕೊಡಬೇಕೆಂದರೆ ಏನಾದರೂ ಬಿಡಬೇಕಲ್ಲ ಭಾವು,
ಅದನ್ನು ಕೇಳುವವರೇ ಇಲ್ಲ.
ಬೂದಿಯದಕ್ಕೆ ಇದೆ.

ಭೋಸರಿಯ ಆ ಪ್ರೆಸ್ಸಿಗೂ ಒಂದಿತ್ತು.
ಕೈ ಒಳಗಿದ್ದರೆ ತಿಳಿದು ತಾನೇ ನಿಲ್ಲುವ
ಸಣ್ಣ ಕೆಂಪು ಕಣ್ಣು.
ಸುಮ್ಮಸುಮ್ಮನೆ ನಿಲ್ಲಿಸುತ್ತದೆಂದು ಸೂಪರ್‌ವೈಸರ್
ಎರಡು ವೈರು ಒಂದಕ್ಕೊಂದು ತಿರುಚಿ ಮಲಗಿಸಿಬಿಟ್ಟ.
ನಿಮಿಷಕ್ಕೆ ನಲವತ್ತಿದ್ದ ಹೊಡೆತ ಐವತ್ತೈದಾಯಿತು.
ಎಲ್ಲರೂ ಹೊಗಳಿದರು ಮಷಿನ್ನನ್ನು.
ನಾನೂ.

"ಬೂದಿಯದು ಕೊಡು" ಎಂದೆ.
ಹದಿನಾರೂವರೆ ಸಾವಿರ, ಕವರು ಪುಕ್ಕಟೆ.
ಚೆನ್ನವೀರ ಮಾತು ಬಿಟ್ಟ. ಚಾರ್ಜರಿನ ಚೀಲ ಕೂಡ ಹಿಡಿಯಲಿಲ್ಲ.

ಬಸ್ಸಿನಲ್ಲಿ ಮೆಂತ್ಯದ ಕಟ್ಟುಗಳ ಅಜ್ಜಿಯ ಪಕ್ಕ ಕೂತು ಹಚ್ಚಿದೆ.
ಎಡಕ್ಕೆ ವಾಲಿಸಿದೆ: ಎಡಕ್ಕೆ ಹೋಯಿತು ಮೂತಿ.
ಮಾಳಿಗೆಯ ಕಿಟಕಿಗೆ ಎತ್ತಿದೆ: ಎತ್ತಿತು.
ಮೂಲೆಯಾಚೆ ಇಣುಕಲು ನಾನು ಬಾಗಿದರೆ
ಅಜ್ಜಿಯೂ ಇಷ್ಟು ಬಾಗಿದಳು, ಅವಳಿಗೇ ತಿಳಿಯದೆ.
ಇಬ್ಬರೂ ಬೆರಳುಗಳು ಕೆಳಗೆ ಸುಮ್ಮನೆ ಹೊತ್ತಿದ್ದರು.
ಆಗಲೇ ಸ್ವಲ್ಪ ಬಿಸಿ ಹತ್ತಿತ್ತು, ಹುಡುಗ ಹೇಳಿದ್ದು ಸುಳ್ಳಲ್ಲ.

ನಾಶಿಕ್ ಫಾಟಾದಲ್ಲಿ ಬಸ್ಸು ತಿರುವು ತೆಗೆದುಕೊಂಡಿತು.
ನಾನು ಅಲುಗಾಡಿರಲಿಲ್ಲ, ಆಣೆ.
ಬಂದೂಕು ತಾನೇ ನಿಧಾನ ತಿರುಗುತ್ತಾ ಹೋಯಿತು,
ಶತ್ರುವನ್ನು ಬಿಟ್ಟು, ಬೇಲಿಯನ್ನು ಬಿಟ್ಟು, ಖಾಲಿ ಹೊಲದ ಕಡೆಗೆ.

"ಮಾಮಾ! ಯಾಕಡೆ ಹೊಡಿಲಾಕತ್ತಿ?"
ಮಾತು ಬಿಟ್ಟಿದ್ದನ್ನು ಮರೆತು ಕೂಗಿದ ಚೆನ್ನವೀರ.
"ನಾ ಅಲ್ಲೋ" ಎಂದೆ,
"ಇದಕ್ಕ ಬಸ್ ತಿರುಗಿದ್ದೂ ಗೊತ್ತಾಗ್ಯದ."